ಬೂಷ್ಟಮ್ಮನ ಪಟ್ಟಿಗಳು

ನನ್ನ ತಂಗಿಗೆ ಬೂಷ್ಟಮ್ಮ ಎಂದು ಹೆಸರಿಟ್ಟವಳು ನಾನೇ. ಪ್ರಯೋಗಾಲಯದಲ್ಲಿ ಅವಳು ಹುಳು ಕೊಲ್ಲುವ ಬೂಷ್ಟು ಬೆಳೆಸುತ್ತಾಳೆ. ಕಾಗದದಲ್ಲಿ ಅದು ಶಿಲೀಂಧ್ರ. ಅನ್ನ ಬೇಯಿಸಿ, ಚೀಲಕ್ಕೆ ತುಂಬಿ, ಬೂಷ್ಟು ಬೆರೆಸಿ, ಹತ್ತು ದಿನ ಕೂಸಿನ ಹಾಗೆ ಕಾಯುತ್ತಾಳೆ. ಚಿಕ್ಕವಳಿದ್ದಾಗ ಊಟದ ಡಬ್ಬಿ ತೊಳೆಯದೆ ಬೂಷ್ಟು ಹಿಡಿಸಿ ಅಮ್ಮನಿಂದ ಬೈಸಿಕೊಳ್ಳುತ್ತಿದ್ದಳು. ಈಗ ಅದಕ್ಕೇ ಸಂಬಳ.

ನಾನು ಆಸ್ಪತ್ರೆ ರಸ್ತೆಯ ನಲವತ್ತು ಮರಗಳನ್ನು ನೋಡಿಕೊಳ್ಳುವ ಮಾಲಿ, ಇಪ್ಪತ್ತೆರಡು ವರ್ಷದಿಂದ. ಹೊರದೇಶದ ಸಾಮಾನಿನ ಮರದ ಪೆಟ್ಟಿಗೆಗಳಲ್ಲಿ ಬಂದಿಳಿದ ದುಂಬಿ ಅವುಗಳ ಕಾಂಡ ಕೊರೆಯತೊಡಗಿದಾಗ, ಬುಡದಲ್ಲಿ ಉದುರಿದ ಮರದ ಪುಡಿಯನ್ನು ಮೊದಲು ಕಂಡವಳೂ ನಾನೇ. ಆದರೆ ನಗರಸಭೆಯ ನಮ್ಮ ಸಾಹೇಬರು ಕರೆಸಿದ್ದು ತಂಗಿಯನ್ನು. ಅವಳು ಬೂಷ್ಟು ಬೆಳೆದ ಬಟ್ಟೆಯ ಪಟ್ಟಿಗಳನ್ನು ಕಾಂಡಗಳಿಗೆ ಸುತ್ತಿದಳು. ಮೇಲೆ ಹರಿದಾಡಿದ ದುಂಬಿಯ ಮೈಗೆ ಬೂಷ್ಟು ಅಂಟಿ, ಒಳಹೊಕ್ಕು ಕೊಲ್ಲುತ್ತದಂತೆ.

"ಒಂದ್ ತಿಂಗಳು ನೋಡೋಣ," ಎಂದರು ಸಾಹೇಬರು. "ಹೊಸ ತೂತು ಬಿದ್ದ ಮರ ಕಡಿಸ್ಲೇಬೇಕು."

ತಂಗಿ ಈಗ ಎಲ್ಲರ ಬಾಯಲ್ಲೂ ಮೇಡಂ, ಮೇಡಂ. ಚಹಾದಂಗಡಿಯವನು ನನ್ನನ್ನು "ಮೇಡಂ ಅಕ್ಕ" ಎಂದು ಕರೆದ ದಿನ ಹೊಟ್ಟೆಗೆ ಬೆಂಕಿ ಬಿತ್ತು.

ಅವತ್ತೇ ಮಧ್ಯಾಹ್ನ, ನಾನೇ ಸಸಿ ನೆಟ್ಟು ಬೆಳೆಸಿದ್ದ ಔಷಧಿ ಅಂಗಡಿ ಎದುರಿನ ಮರದ ಪಟ್ಟಿ ಎತ್ತಿ, ಕೆಳಗೆ ಮೈಲುತುತ್ತು, ಸುಣ್ಣ ಕಲಸಿದ ನೀಲಿ ಪೇಸ್ಟ್ ಬಳಿದೆ. ಗಾಯವಾದ ಮರಕ್ಕೆ ಮಾಲಿಗಳು ಬಳಿಯುವುದು ಅದನ್ನೇ. ಈ ಒಂದು ಮರವಾದರೂ ನನ್ನಿಂದ ಉಳಿಯಲಿ ಎಂಬ ಹಟ. ಬೂಷ್ಟು ಕೊಲ್ಲುವುದೇ ಆ ಪೇಸ್ಟಿನ ಕೆಲಸ ಎಂಬುದು, ಇಪ್ಪತ್ತೆರಡು ವರ್ಷ ಬಳಿದ ನನಗೆ ಹೊಳೆಯಲಿಲ್ಲ.

ತಿಂಗಳಾಯಿತು. ಮೂವತ್ತೊಂಬತ್ತು ಮರಗಳ ಬುಡದಲ್ಲಿ ಬಿಳಿ ಬೂಷ್ಟು ಹೊದ್ದು ಸತ್ತ ದುಂಬಿಗಳು. ನನ್ನ ಮರದಲ್ಲಿ ಹನ್ನೊಂದು ಹೊಸ ತೂತು. ತಂಗಿ ಪಟ್ಟಿ ಬಿಚ್ಚಿದಳು. ಒಳಮೈಯೆಲ್ಲ ನೀಲಿ. ಒಮ್ಮೆ ಅದನ್ನು ನೋಡಿದಳು, ಒಮ್ಮೆ ಸದಾ ನೀಲಿಯಾಗಿರುವ ನನ್ನ ಉಗುರುಗಳನ್ನು. ಸಾಹೇಬರು ಹತ್ತಿರ ಬರುವಷ್ಟರಲ್ಲಿ ಪಟ್ಟಿ ಮಡಚಿ ಬ್ಯಾಗಿಗೆ ಹಾಕಿಕೊಂಡಿದ್ದಳು.

"ಇದೊಂದು ಯಾಕೆ ಹೀಗಾಯ್ತು?" ಅವರು ಕೇಳಿದರು.

"ನನ್ದೇ ತಪ್ಪು ಸಾರ್. ಆ ಚೀಲದ ಬೂಷ್ಟು ಕೆಟ್ಟಿತ್ತು ಅನ್ಸುತ್ತೆ."

ನಾನು ಉಗುರುಗಳನ್ನು ಅಂಗೈಯೊಳಗೆ ಮಡಚಿ ಮುಚ್ಚಿಕೊಂಡೆ. ಸಂಜೆಯೊಳಗೆ ಗರಗಸ ಬಂತು. ಮರ ಉರುಳಿದಾಗ ತಂಗಿ ನನ್ನ ಕೈ ಹಿಡಿದು, "ಅತ್ಬಿಡಕ್ಕ," ಎಂದಳು. ಅಳು ಬರುವುದಕ್ಕೂ ಮೊದಲು ನನ್ನೊಳಗೆ ಎದ್ದದ್ದು ಅದೇ ಹಳೆಯ ಉರಿ: ಒಳ್ಳೆಯವಳಾಗುವುದರಲ್ಲೂ ಇವಳೇ ಮುಂದು.