ಎಂಟು ರಾಜ್ಯಗಳಲ್ಲಿ ಒಂದನ್ನು ಉಳಿಸುವುದು

ಸುಟ್ಟ ಮೋಟರಿನ ವಾಸನೆ ನಿಮಗೆ ಗೊತ್ತಿರಬಹುದು. ತಾಮ್ರದ ತಂತಿಗೆ ಬಳಿದ ವಾರ್ನಿಷ್ ಕರಗಿ, ಬೆಲ್ಲ ತಳ ಹತ್ತಿದ ಹಾಗೆ ಸಿಹಿಯಾದೊಂದು ಕಮಟು ಮೂಗಿಗೆ ಬಡಿಯುತ್ತದೆ. ರಾಯಬಾಗದ ಬಸ್‌ಸ್ಟ್ಯಾಂಡಿನ ಹಿಂದೆ ನನ್ನದೊಂದು ಪಂಪ್‌ಸೆಟ್ ರಿಪೇರಿ ಅಂಗಡಿ ಇರುವುದರಿಂದ ನಾನು ದಿನವೂ ಈ ವಾಸನೆಯಲ್ಲೇ ಉಸಿರಾಡುವವನು. ಆದರೂ ಹೋದ ಬುಧವಾರ ಯಾರದೋ ಕಬ್ಬಿನ ಹೊಲದ ಮೋಟರ್ ಬಿಚ್ಚಿದಾಗ ಎದ್ದ ವಾಸನೆ ನನ್ನನ್ನು ಸೀದಾ ಚಿಕ್ಕೋಡಿಯ ಬಾಡಿಗೆ ಕೋಣೆಗೆ ಒಯ್ದಿತು. ನಾನೂ ಗೆಳೆಯ ಭರತೇಶನೂ ಡಿಪ್ಲೊಮಾ ಓದುವಾಗ ಆ ಕೋಣೆಯಲ್ಲಿದ್ದೆವು. ಕೊಲ್ಲಾಪುರದ ಸಂತೆಯಲ್ಲಿ ಅವನು ಕೊಂಡು ತಂದಿದ್ದ ಹಳೆಯ ವಿಡಿಯೊ ಗೇಮ್ ಪೆಟ್ಟಿಗೆ ಒಂದು ತಾಸು ಆಡಿದರೆ ಸಾಕು, ಕಾದು ಥೇಟ್ ಹೀಗೇ ನಾರುತ್ತಿತ್ತು. ಅದು ಸಿಡಿದೀತೆಂದು ಹೆದರಿ ನಾನು ರಟ್ಟಿನಿಂದ ಅದಕ್ಕೆ ಗಾಳಿ ಹಾಕುತ್ತಾ ಕೂಡುತ್ತಿದ್ದೆ.

ಅಷ್ಟರಲ್ಲಿ ಅವನ ಫೋನೇ ಬಂತು ಎಂದು ಬರೆದರೆ ಚೆನ್ನಾಗಿರುತ್ತಿತ್ತು. ಬಂದದ್ದು ಮಧ್ಯಾಹ್ನ ಊಟ ಮಾಡುವಾಗ.

“ಏ, ಒಂದ ಮಾತ ಹೇಳಲೇ. ಎಂಟರಾಗ ಛಲೋ ಆಟ ಯಾವುದು?”

“ಯಾಕ?”

“ಒಂದ ಇಟ್ಟಕೊಂಡ ಉಳದದ್ದೆಲ್ಲಾ ಬಿಡಾಕತ್ತೀನಿ. ಮುನಿ ಮಹಾರಾಜರ ಮುಂದ ನೇಮ ತಗೊಂಡೀನಿ. ಯಾವುದ ಇಟ್ಟಕೊಂತೀನಂತ ರವಿವಾರ ಹೇಳಬೇಕು. ನನಗ ತಿಳಿವಲ್ದು. ನೀ ಅಂದದ್ದ ಪಕ್ಕಾ.”

“ಚಾತುರ್ಮಾಸ ಮುಗಿಯೂ ತನಕ ಹೌದಲ್ಲೊ?”

“ಅಲ್ಲ. ನಾ ಇರೂ ತನಕ.”

ನನ್ನ ಕೈಯಲ್ಲಿದ್ದ ರೊಟ್ಟಿ ಕೈಯಲ್ಲೇ ಉಳಿಯಿತು.

ನೇಮದ ವಿಷಯ ಗೊತ್ತಿಲ್ಲದವರಿಗೆ ಹೇಳುತ್ತೇನೆ. ಭರತೇಶನ ಊರಾದ ಶೇಡಬಾಳದ ಜೈನರ ಮನೆಗಳಲ್ಲಿ ಮಳೆಗಾಲದ ನಾಲ್ಕು ತಿಂಗಳೆಂದರೆ ಬಿಡುವ ಕಾಲ. ಮುನಿಗಳು ಬಂದು ಊರಲ್ಲಿ ತಂಗುತ್ತಾರೆ. ಪ್ರವಚನ ಮುಗಿದ ಮೇಲೆ ಒಬ್ಬೊಬ್ಬರೇ ಎದ್ದು ಇಂಥದ್ದನ್ನು ಬಿಟ್ಟೆ ಎಂದು ಕೈ ಮುಗಿಯುತ್ತಾರೆ. ಒಬ್ಬರು ಹಸಿರು ಪಲ್ಯ ಬಿಡುತ್ತಾರೆ, ಇನ್ನೊಬ್ಬರು ಗಾದಿಯ ಮೇಲೆ ಮಲಗುವುದನ್ನು ಬಿಡುತ್ತಾರೆ. ಪೂರ್ತಿ ಬಿಡುವುದು ಆಗದಿದ್ದರೆ ಒಂದನ್ನು ಉಳಿಸಿಕೊಳ್ಳಬಹುದು. ಹಣ್ಣಿನಲ್ಲಿ ಬಾಳೆ ಒಂದೇ, ಸಿಹಿಯಲ್ಲಿ ಶ್ರೀಖಂಡ ಒಂದೇ, ಹೀಗೆ. ನನ್ನ ಗೆಳೆಯ ದ್ರಾಕ್ಷಿ ತೋಟದ ಒಡೆಯ, ಕಿವಿಯ ಹತ್ತಿರ ಬೆಳ್ಳಗಾದ ಮನುಷ್ಯ. ಅವನು ಊರವರೆಲ್ಲರ ನಡುವೆ ಎದ್ದು ನಿಂತು ವಿಡಿಯೊ ಗೇಮ್ ಬಿಟ್ಟೆ ಎಂದನಂತೆ. ಅಂದ ಮೇಲೆ ಜೀವ ಜಗ್ಗಿ, “ಒಂದ ಇಟ್ಟಕೊಂತೀನ್ರಿ” ಎಂದು ಸೇರಿಸಿದನಂತೆ. ಮುನಿಗಳು ನಕ್ಕು, ಯಾವುದೆಂದು ವಿಚಾರ ಮಾಡಿ ಬಂದು ಹೇಳಲು ತಿಳಿಸಿದರಂತೆ.

ಆಟಗಳ ಬಗ್ಗೆಯೂ ಸ್ವಲ್ಪ ಹೇಳಬೇಕು. ಇವು ಗುಂಡು ಹಾರಿಸಿ ಹತ್ತು ನಿಮಿಷಕ್ಕೆ ಮುಗಿಯುವಂಥವಲ್ಲ. ಇಲ್ಲಿ ನೀವು ಯಾವುದೋ ಹಳ್ಳಿಯ ಹುಡುಗನ ವೇಷ ತೊಟ್ಟು ಊರೂರು ಅಲೆಯಬೇಕು. ಸಿಕ್ಕವರನ್ನೆಲ್ಲ ಮಾತಾಡಿಸಬೇಕು, ಅಡವಿಯ ಪ್ರಾಣಿಗಳ ಮೇಲೆ ಕೈ ಮಾಡಿ ಬಲ ಗಳಿಸಬೇಕು, ತಿಂಗಳುಗಟ್ಟಲೆ ಆಡಿದ ಮೇಲೆ ಒಂದು ರಾಜ್ಯವನ್ನು ಉಳಿಸಬೇಕು. ಈ ಮಾಲಿಕೆಯ ವಿದೇಶಿ ಹೆಸರು ನಮ್ಮ ನಾಲಿಗೆಗೆ ಹೊರಳಲಿಲ್ಲ. ಪ್ರತಿ ಭಾಗದಲ್ಲೂ ಹೊಸ ರಾಜ್ಯ ಇರುತ್ತಿದ್ದುದರಿಂದ ಒಂದನೇ ರಾಜ್ಯ, ಎರಡನೇ ರಾಜ್ಯ ಎನ್ನುತ್ತಿದ್ದೆವು. ಈಗ ಎಂಟಾಗಿವೆ. ಯಾವುದು ಶ್ರೇಷ್ಠ ಎಂದು ಜಗತ್ತಿನಲ್ಲಿ ಯಾರಾರೋ ಇವತ್ತಿಗೂ ಮೊಬೈಲಿನಲ್ಲಿ ಹೊಡೆದಾಡುತ್ತಾರೆ. ನಾನೂ ಆ ಜಗಳವನ್ನೆಲ್ಲ ಓದುತ್ತೇನೆ. ಒಂದು ಸಾಲೂ ಬರೆದವನಲ್ಲ. ಯಾರಾದರೂ ಬೈದರೆ ಏನು ಮಾಡುವುದು?

ನಾನು ಅಂಜುಬುರುಕ ಎಂಬುದು ನಿಮಗೆ ಇಷ್ಟು ಹೊತ್ತಿಗೆ ತಿಳಿದಿರಬೇಕು. ಗ್ಯಾಸ್ ಬಂದ್ ಮಾಡಿದ್ದೇನೋ ಇಲ್ಲವೋ ಎಂದು ಬಾಗಿಲಿಂದ ವಾಪಸು ಬರುವವನು ನಾನು. ಕೆಲಸವಿಲ್ಲದೆ ಯಾರ ಮನೆಗೂ ಹೋಗಲಾರೆ. ಹೋದರೆ ಇವನು ಯಾಕೆ ಬಂದ ಅಂದಾರು, ಕೂತರೆ ಯಾವಾಗ ಎದ್ದಾನು ಅಂದಾರು. ನೆಂಟರ ಮದುವೆಗೆ ಹೋದರೂ ಬಡಿಸಲು ನಿಂತುಬಿಡುತ್ತೇನೆ, ಕೈಯಲ್ಲಿ ಸಾರಿನ ಬಕೆಟ್ ಇದ್ದರೆ ಸಮಾಧಾನ. ಇಂಥವನಿಗೆ ಭರತೇಶನ ಪಕ್ಕದಲ್ಲಿ ಒಂದು ಕಾಯಂ ಕೆಲಸ ಸಿಕ್ಕಿತ್ತು. ಅದು ಹೇಗೆ ಸಿಕ್ಕಿತು ಎಂಬುದನ್ನೇ ಹೇಳಬೇಕು.

ಭರತೇಶ ಆಟದಲ್ಲೂ ಜೀವ ತೆಗೆಯುತ್ತಿರಲಿಲ್ಲ. ಎರಡನೇ ರಾಜ್ಯದ ಮೊದಲ ಹಳ್ಳಿಯ ಹೊರಗೆ ಮೊಲಗಳು ಕುಪ್ಪಳಿಸುತ್ತವೆ. ಎಲ್ಲ ದೇಶದ ಎಲ್ಲ ಮಕ್ಕಳೂ ಅವನ್ನು ಹೊಡೆದೇ ಬಲ ಗಳಿಸುತ್ತಾರೆ. ಇವನು ಮಾತ್ರ ತನ್ನ ನಾಯಕನನ್ನು ಮೊಲ ಕಂಡ ಕಡೆ ಓಡಿಸುತ್ತಿದ್ದ. ಹೀಗೆ ಓಡಿ ಓಡಿ ಆ ಬಡಪಾಯಿ ಮೊದಲ ದಿನದ ಕಟ್ಟಿಗೆಯ ಬಡಿಗೆಯನ್ನೇ ಹಿಡಿದು ರಾಜಧಾನಿಯ ತನಕ ಬಂದುಬಿಡುತ್ತಿದ್ದ. ಆಟದೊಳಗೂ ಹಗಲು ರಾತ್ರಿ ಆಗುತ್ತವೆ. ಜೈನರ ಮನೆಯ ಪದ್ಧತಿಯಂತೆ ಹೊತ್ತು ಮುಳುಗುವುದರೊಳಗೆ ನಾಯಕನಿಗೆ ಉಣ್ಣಿಸಬೇಕೆಂದು ಇವನ ಗಡಿಬಿಡಿ. ತಪ್ಪಿದರೆ ಆ ರಾತ್ರಿ ನಾಯಕ ಉಪವಾಸ. “ಅದು ಚಿತ್ರೋ ಮಾರಾಯ, ಅದಕ್ಕೇನ ಜೀವ ಐತೇನ?” ಎಂದು ನಾನು ರೇಗಿದರೆ, “ಚಿತ್ರಕ್ಕ ಇಲ್ಲ, ಹೊಡಿಯೂ ಕೈಗೆ ಐತಿ” ಎನ್ನುತ್ತಿದ್ದ. ನಮ್ಮ ಮನೆಯಲ್ಲೂ ಮಾಂಸ ಮುಟ್ಟುವವರಿಲ್ಲ. ಆದರೆ ಪರದೆಯ ಮೊಲದ ತನಕ ನಾವು ವಿಚಾರ ಮಾಡಿರಲಿಲ್ಲ.

ಕೆಲವು ಕಡೆ ಓಡಿ ಪಾರಾಗುವ ದಾರಿಯೇ ಇರುತ್ತಿರಲಿಲ್ಲ. ಗವಿಯ ಬಾಯಿಗೆ ಅಡ್ಡ ನಿಂತ ತೋಳವನ್ನು ಕೊಂದರಷ್ಟೇ ಮುಂದಿನ ಕಥೆ. ಆಗ ಭರತೇಶ ಆಟ ನಡೆಸುವ ಗುಂಡಿಗಳ ಹಿಡಿಕೆಯನ್ನು ನನ್ನ ತೊಡೆಯ ಮೇಲಿಟ್ಟು, “ನೀ ಹಿಡಿಯಲೇ, ನಾ ನೀರ ಕುಡದ ಬರ್ತೀನಿ” ಎಂದು ಎದ್ದು ಹೋಗುತ್ತಿದ್ದ. ಬಾಗಿಲಾಚೆ ನಿಲ್ಲುತ್ತಿದ್ದ. ನಾನು ತೋಳವನ್ನು ಮುಗಿಸಿ “ಆತು ಬಾ” ಎಂದ ಮೇಲೆ ಬಂದು, ಪರದೆಯ ಆ ಮೂಲೆಯತ್ತ ನೋಡದೆ ನಾಯಕನನ್ನು ಮುಂದೆ ನಡೆಸುತ್ತಿದ್ದ. ನಗುತ್ತೀರಿ ಅಲ್ಲವೇ? ನಾನು ನಕ್ಕಿರಲಿಲ್ಲ. ಹೊರಗೆ ನಾಯಿ ಬೊಗಳಿದರೆ ರಸ್ತೆ ಬದಲಿಸುವ ನಾನು ಆ ಪರದೆಯೊಳಗೆ ಧೈರ್ಯವಂತನಾಗಿದ್ದೆ, ಬೇಕಾದವನಾಗಿದ್ದೆ. ಅಷ್ಟು ಖುಷಿ ನನಗೆ ಬೇರೆ ಎಲ್ಲೂ ಸಿಕ್ಕಿಲ್ಲ.

ಒಮ್ಮೆ ಭರತೇಶನ ತಾಯಿ ಪದ್ಮಾವತಿಯವ್ವ ರೊಟ್ಟಿ ಬುತ್ತಿ ಹಿಡಿದು ಕೋಣೆಗೆ ಬಂದಾಗ ಮಗ ಬಾಗಿಲ ಹೊರಗೆ ಗೋಡೆಗೆ ಮುಖ ಮಾಡಿ ನಿಂತಿದ್ದ. ಯಾಕೆಂದು ಕೇಳಿ ತಿಳಿದುಕೊಂಡರು. ಬೈಯಲಿಲ್ಲ. “ಮಾಡಿದ್ರೂ ಅಷ್ಟ, ಇನ್ನೊಬ್ಬರ ಕೈಲೆ ಮಾಡಿಸಿದ್ರೂ ಅಷ್ಟನಪ್ಪಾ” ಎಂದು ಬುತ್ತಿ ಬಿಚ್ಚಿ ಬಡಿಸಿದರು. ಅವತ್ತು ಭರತೇಶ ಎರಡು ರೊಟ್ಟಿಗೇ ಎದ್ದ. ನಾನು ಅವನ ಪಾಲಿನದನ್ನೂ ತಿಂದೆ.

ಓದು ಮುಗಿದ ಮೇಲೆ ಅವನು ಶೇಡಬಾಳಕ್ಕೆ, ನಾನು ರಾಯಬಾಗಕ್ಕೆ. ಹೊಸ ರಾಜ್ಯ ಬಂದಾಗಲೆಲ್ಲ ಅವನ ಫೋನು: “ಒಂದ ಕಡೆ ಸಿಕ್ಕೊಂಡೀನಿ, ಬಾರಲೇ.” ರವಿವಾರ ಪ್ಯಾಸೆಂಜರ್ ಗಾಡಿ ಹಿಡಿದು ಹೋಗುತ್ತಿದ್ದೆ. ನಡುವೆ ಕೃಷ್ಣಾ ನದಿಯ ಸೇತುವೆ ಬಂದಾಗ ಉಸಿರು ಬಿಗಿ ಹಿಡಿಯುವುದು, ದಾಟಿದ ಮೇಲೆ ಬಿಡುವುದು. ಹೋಗಿ ಅವನಿಗೆ ಅಡ್ಡ ಬಂದದ್ದನ್ನು ಮುಗಿಸುವುದು, ಬಿಸಿಲಿರುವಾಗಲೇ ಅವರ ಮನೆಯಲ್ಲಿ ಊಟ ಮಾಡುವುದು, ಸಂಜೆಯ ಗಾಡಿಗೆ ತಿರುಗಿ ಬರುವುದು. ಇಬ್ಬರಿಗೂ ಮದುವೆಯಾಯಿತು, ಮಕ್ಕಳಾದವು, ಆದರೂ ಇದು ನಿಲ್ಲಲಿಲ್ಲ.

ಈಗ ನನ್ನ ಸಂಕಟ ಏನೆಂದು ಹೇಳಬಹುದು. ಐದನೇ ರಾಜ್ಯವೇ ಶ್ರೇಷ್ಠ ಎಂದು ತಿಳಿದವರೆಲ್ಲ ಒಪ್ಪುತ್ತಾರೆ. ಅದರ ಸಮುದ್ರ, ಅದರ ಸಂಗೀತ, ಮುದುಕಿಯಾದ ರಾಣಿ ತನ್ನ ಊರು ಹುಡುಕಿಕೊಂಡು ಹೋಗುವ ಕಥೆ, ಎಲ್ಲ ಚೆಂದ. ಆದರೆ ಹೆಜ್ಜೆಗೊಂದು ಬೇಟೆ. ಅರ್ಧಕ್ಕಿಂತ ಹೆಚ್ಚು ನಾನೇ ಆಡಿದ್ದೆ. ಮೂರನೇ ರಾಜ್ಯ ಎಲ್ಲರೂ ಹಳಿಯುವಂಥದ್ದು. ಅದರಲ್ಲಿ ಎದುರು ಬಂದ ಪ್ರಾಣಿಯನ್ನು ಕೊಲ್ಲಲೇಬೇಕೆಂದಿಲ್ಲ. ಅದಕ್ಕೇನು ಬೇಕೆಂದು ಸಾವಧಾನದಿಂದ ತಿಳಿದುಕೊಂಡು ಕೊಟ್ಟರೆ ತಾನೇ ದಾರಿ ಬಿಡುತ್ತದೆ. ಆಟ ಬಲು ನಿಧಾನ. ಮಾತು, ಮಾತು, ಬರೀ ಮಾತು. ನಾನು ಕಾಮಾಲೆಯಾಗಿ ಊರಲ್ಲಿ ಮಲಗಿದ್ದಾಗ ಭರತೇಶ ಅದನ್ನು ಒಬ್ಬನೇ ಮುಗಿಸಿದ್ದ. ನಾನು ತಿರುಗಿ ಹೋದಾಗ ಅವನ ಮುಖದಲ್ಲಿದ್ದ ಕಳೆ ಇನ್ನೂ ನೆನಪಿದೆ. “ಒಂದಕ್ಕೂ ಪೆಟ್ಟ ಹಾಕಿಲ್ಲೋ” ಎಂದಿದ್ದ. ನಾನು ಛಲೋ ಆತು ಎಂದೆ. ನನಗೇನೂ ಛಲೋ ಅನ್ನಿಸಿರಲಿಲ್ಲ.

ಐದನೆಯದನ್ನು ಉಳಿಸಿಕೊಂಡರೆ ಅವನಿಗೆ ನಾನು ಬೇಕು. ಮೂರನೆಯದನ್ನು ಉಳಿಸಿಕೊಂಡರೆ ಬೇಡ. ಲೆಕ್ಕ ಇಷ್ಟು ಸರಳವಿತ್ತು, ನನ್ನ ನಿದ್ದೆ ಹೋಯಿತು. ಅಂಗಡಿಯಲ್ಲಿ ಒಂದು ಮೋಟರಿಗೆ ತಂತಿಯನ್ನು ತಿರುವುಮುರುವು ಸುತ್ತಿ ಮತ್ತೆ ಬಿಚ್ಚಿದೆ. ಹೆಂಡತಿ ನನ್ನ ಮುಖ ನೋಡಿ ನೋಡಿ ಬೇಸತ್ತು, “ನನ್ನ ನೋಡಾಕ ಬಂದಾಗರೆ ಇಷ್ಟ ವಿಚಾರ ಮಾಡಿದ್ರೇನ?” ಎಂದು ಕೇಳಿದಳು. ಮಾಡಿದ್ದೆ. ಅವತ್ತೂ ನನ್ನ ಚಿಂತೆ ಅವಳ ಮನೆಯವರಿಗೆ ನಾನು ಬೇಕಾದೇನೋ ಇಲ್ಲವೋ ಎಂಬುದೇ. ಅದನ್ನು ಅವಳಿಗೆ ಹೇಳಲಿಲ್ಲ.

ರವಿವಾರ ಗಾಡಿಯಲ್ಲಿ ಕೂತು ಐದನೇ ರಾಜ್ಯದ ಪರವಾಗಿ ಒಂದು ಭಾಷಣವನ್ನೇ ತಯಾರು ಮಾಡಿದೆ. ಸಂಗೀತದಿಂದ ಶುರು ಮಾಡಬೇಕು, ರಾಣಿಯ ಕಥೆಯಿಂದ ಮುಗಿಸಬೇಕು, ಬೇಟೆಯ ಮಾತೆತ್ತಬಾರದು. ಸೇತುವೆ ಬಂದು ಹೋದದ್ದೇ ಗೊತ್ತಾಗಲಿಲ್ಲ. ಇಳಿದು ನಡೆದೆ. ಇದು ನನ್ನ ಕೊನೆಯ ಸರತಿ ಇರಬಹುದು ಎಂದು ಅನ್ನಿಸಿ, ಅವನ ಮನೆಯ ಮುಂದಿನ ಬೇವಿನ ಕೆಳಗೆ ಸುಮ್ಮನೆ ಸ್ವಲ್ಪ ನಿಂತೆ.

ಪಡಸಾಲೆಯ ಚಾಪೆಯ ಮೇಲೆ ಎಂಟೂ ಆಟಗಳ ಡಬ್ಬಿ ಹರಡಿಕೊಂಡು ಭರತೇಶ ಕೂತಿದ್ದ. ಪ್ರವಚನಕ್ಕೆ ಹೋಗಲು ಬಿಳಿ ಧೋತರ ಉಟ್ಟು ತಯಾರಾಗಿದ್ದ. ನಾನು ಕೂಡುವುದೇ ತಡ, ಐದನೆಯ ಡಬ್ಬಿ ಎತ್ತಿ, “ಇದನ್ನ ಅಂತೀ ಹೌದಲ್ಲೊ? ನನಗ ಗೊತ್ತಿತ್ತು. ಆತು, ಇದ ಇರಲಿ” ಎಂದ.

ನನಗೆ ಬಾಯಿ ತೆರೆಯುವ ಕೆಲಸವೂ ಇರಲಿಲ್ಲ. ತಲೆ ಅಲ್ಲಾಡಿಸಿದ್ದರೆ ಸಾಕಿತ್ತು. ಆದರೆ ಇರುವ ತನಕ ಎಂದಿದ್ದನಲ್ಲ ಅವನು. ಇವನು ಮುದುಕನಾಗುವ ತನಕ, ಪ್ರತಿ ಸಲ, ತನ್ನ ಮನೆಯಲ್ಲೇ ಎದ್ದು ಹೊರಗೆ ಹೋಗಿ ಗೋಡೆ ನೋಡುತ್ತಾ ನಿಲ್ಲಬೇಕು.

“ಮೂರನೇದ ಇಟ್ಟಕೊ” ಎಂದೆ.

“ಖರೇನ?”

“ಖರೇ. ನಿನಗ ಅದ ಛಲೋ.”

“ನಿನಗ?”

“ನನಗ ಐದನೇದು. ಅದರಾಗ ನನಗ ಕೆಲಸ ಐತಿ. ಮೂರನೇದರಾಗ ನನಗೇನ ಕೆಲಸ ಇಲ್ಲ.”

ಭರತೇಶ ಡಬ್ಬಿಯನ್ನು ಕೆಳಗಿಟ್ಟ. ಚಾಪೆಯ ಅಂಚು ಕೀಳುತ್ತಾ, ನನ್ನ ಕಡೆ ನೋಡದೆ ಹೇಳಿದ:

“ನಾ ನೇಮ ಯಾಕ ತಗೊಂಡೀನಿ ಅಂತ ತಿಳದಿ? ಇಷ್ಟ ವರ್ಷ ನನ್ನ ಪಾಲಿನ ಪಾಪ ನಿನ್ನ ಕೈಲೆ ಮಾಡಸಾಕತ್ತೀನಿ. ಅದಕ್ಕಂತ ನಿನ್ನ ಗಾಡಿ ಹತ್ತಿಸಿ ಕರಸೂದು, ಮಾಡಿಸೂದು, ಕಳಸೂದು. ನೀ ಒಂದ ದಿನಾ ಒಲ್ಲೆ ಅನ್ಲಿಲ್ಲ. ನನಗ ನಾಚಿಕಿ ಬಂತೋ. ಪೂರಾ ಬಿಡೂದಂತಿದ್ದೆ. ಪೂರಾ ಬಿಟ್ಟರ ನೀ ಬರೂದ ಬಿಡ್ತಿ ಅಂತ ಒಂದ ಇಟ್ಟಕೊಂಡೆ.”

ನಾನು ಹೆದರಿದ್ದಕ್ಕೇ ಅವನೂ ಹೆದರಿದ್ದ. ಐದನೆಯದನ್ನು ಎತ್ತಿ ಹಿಡಿದದ್ದು ನನಗಾಗಿ ಎಂಬುದು ಆಗ ನನ್ನ ಮಂದ ತಲೆಗೆ ಹೊಳೆಯಿತು.

ಅವನು ಬಸದಿಗೆ ಹೋಗಿ ಮುನಿಗಳ ಮುಂದೆ ಮೂರನೆಯದು ಎಂದು ಹೇಳಿ ಬಂದ. ಉಳಿದ ಏಳನ್ನು ಬಟ್ಟೆಯಲ್ಲಿ ಕಟ್ಟಿ ಮಾಳಿಗೆಗೆ ಹಾಕಿದೆವು. ನಂಟು ಹರಿದ ಹಾಗೆ ಒಂದು ಕ್ಷಣ ಅನ್ನಿಸಿತು, ಸುಳ್ಳೇಕೆ ಹೇಳಲಿ. ಆಮೇಲೆ ಅವನು ಮೂರನೇ ರಾಜ್ಯ ಹಚ್ಚಿದ. ಊರ ಬಾಗಿಲಲ್ಲಿ ಅಡ್ಡ ಮಲಗಿದ ಎತ್ತಿನಂಥ ಪ್ರಾಣಿಗೆ ಏನು ಬೇಕೆಂದು ಕೇಳುತ್ತಾ ಕೂತ. ಅದು ಬೇಗ ಹೇಳುವ ಪೈಕಿ ಅಲ್ಲ. ನನ್ನ ಕೈಗಳನ್ನು ಎಲ್ಲಿಡಬೇಕೆಂದು ತಿಳಿಯದೆ ಮೊದಲು ಮೊಣಕಾಲ ಮೇಲಿಟ್ಟೆ, ಆಮೇಲೆ ಚಾಪೆಯ ಮೇಲಿಟ್ಟೆ. ಎದ್ದು ಏನಾದರೂ ರಿಪೇರಿ ಇದೆಯೇ ಎಂದು ಕೇಳಬೇಕೆನ್ನಿಸಿತು. ಕೇಳಲಿಲ್ಲ, ಗೋಡೆಗೆ ಒರಗಿದೆ.

ಪದ್ಮಾವತಿಯವ್ವ ಚಹಾ ತಂದರು. ಈಗ ಅವರಿಗೆ ಕಣ್ಣು ಅಷ್ಟು ಕಾಣುವುದಿಲ್ಲ. ಬಗ್ಗಿ ನನ್ನ ಖಾಲಿ ಕೈಗೆ ಬಶಿ ಕೊಟ್ಟು, ಮಗನ ಕಡೆಗೊಮ್ಮೆ ನನ್ನ ಕಡೆಗೊಮ್ಮೆ ನೋಡಿದರು.

“ಯಾಕೋ ತಮ್ಮಾ, ಇವತ್ತ ನಿನಗೇನ ಕೆಲಸ ಇಲ್ಲೇನ?”

“ಇಲ್ರಿ ಅವ್ವಾ” ಎಂದೆ. “ಸುಮ್ನ ಬಂದೀನಿ.”