ಡೊಂಕಣ್ಣನ ದಡ

ಡೊಂಕಣ್ಣನ ಸುದ್ದಿ ನನ್ನ ಕಿವಿಗೆ ಬಿದ್ದ ದಿನ ನಾನು ಒಗೆದ ಬಟ್ಟೆ ಮಡಚುತ್ತಾ ಕೂತಿದ್ದೆ. ನನ್ನ ಮೈದುನ ಚಪ್ಪಲಿ ಕೂಡ ಬಿಡದೆ ಒಳಗೆ ಬಂದ. ಅವನು ಗಾರೆ ಕೆಲಸದವನು. ನಮ್ಮ ಬೀದಿಯ ಅರ್ಧ ಗೋಡೆಗಳು ಅವನ ಕೈಯವು. ಯಾರ ಮನೆಗೆ ಹೋದರೂ ಮೊದಲು ಗೋಡೆ ಸವರಿ ನೋಡುತ್ತಾನೆ, ಆಮೇಲೆ ಮನುಷ್ಯರನ್ನು ಮಾತಾಡಿಸುತ್ತಾನೆ.

"ಅತ್ತಿಗೆ, ಹೊಳೆ ಒಡ್ಡು ಒಡೆಯೋಕೆ ಒಬ್ಬ ಬರ್ತಿದಾನಂತೆ. ಕಟ್ಟಿಸಿದ ಸರ್ಕಾರವೇ ಒಡೆಸುತ್ತಂತೆ. ತಲೆ ನೆಟ್ಟಗಿದೆಯಾ ಇವರಿಗೆ?"

"ಒಡೆದರೆ ನೀರು ಎಲ್ಲಿಗೆ ಬರುತ್ತೋ?"

"ಎಲ್ಲಿಗೆ ಅಂದ್ರೆ? ನಿಮ್ಮ ಮಂಚದ ಕೆಳಗೆ!" ಅಂದ. ಸ್ವಲ್ಪ ತಡೆದು, "ಅಂದ ಹಾಗೆ, ಅವನಿಗೆ ಇರೋಕೆ ಒಂದು ರೂಮು ಬೇಕಂತೆ. ನಿಮ್ಮ ಹಿಂದಿನ ರೂಮು ಹೇಳಿ ಬಂದಿದೀನಿ," ಅಂದ.

ನೀರು ಮಂಚದ ಕೆಳಗೆ ಬರಲಿಲ್ಲ, ಅದನ್ನು ಮೊದಲೇ ಹೇಳಿಬಿಡುತ್ತೇನೆ. ಮನೆಗಳ ಹತ್ತಿರ ಹೊಸ ಒಡ್ಡು ಹಾಕಿ, ಹೊಳೆ ಬದಿಯ ಹಳೆಯದನ್ನು ಒಡೆಯುವುದು, ನಡುವಿನ ತಗ್ಗನ್ನೆಲ್ಲ ಹೊಳೆಗೆ ವಾಪಸ್ ಬಿಡುವುದು, ಇಷ್ಟೇ ಅವರ ಕೆಲಸ. ಆ ತಗ್ಗಿನಲ್ಲಿ ಯಾರೋ ಹುರುಳಿಕಾಯಿ ಹಾಕಿ, ಬೇರು ಕೊಳೆತು, ಕೈ ಬಿಟ್ಟು ಎಷ್ಟೋ ಕಾಲವಾಗಿತ್ತು.

ಮಣ್ಣು ತೋಡುವ ದೊಡ್ಡ ಯಂತ್ರ ಓಡಿಸುವವನು ಅವನು. ಬಾಗಿಲಲ್ಲಿ ನಿಂತು "ಅಮ್ಮಾ" ಅಂದ. ನಾನು ತಿರುಗಿ ನೋಡಿದೆ. "ನಿನ್ನ ಮೀಸೆ ನನ್ನ ತಲೆಗಿಂತ ಬೆಳ್ಳಗಿದೆ. ಅಮ್ಮ ಗಿಮ್ಮ ಬೇಡ," ಅಂದೆ. "ಹಾಗಾದ್ರೆ ಅಕ್ಕ," ಅಂದ. ಅಲ್ಲಿಗೆ ನನಗೊಬ್ಬ ತಮ್ಮ ಸಿಕ್ಕಿದ. ಯಂತ್ರದ ಸದ್ದಿಗೆ ಕಿವಿ ಮಂದವಾಗಿ ಜೋರಾಗಿಯೇ ಮಾತಾಡುತ್ತಿದ್ದ. ಅವನು ಗುಟ್ಟು ಹೇಳಿದರೆ ಬೀದಿಯ ತುದಿಗೆ ಕೇಳುತ್ತಿತ್ತು. ಬೂಟನ್ನು ಮಾತ್ರ ಹೊರಗೇ ತೊಳೆದು, ಗೋಡೆಗೆ ಒರಗಿಸಿ ಬರುತ್ತಿದ್ದ. ಕಾಲಿಗೆ ಮಣ್ಣು ಅಂಟಿಸಿಕೊಂಡು ಒಳಗೆ ಬಂದದ್ದು ನಾನು ಒಂದು ದಿನವೂ ನೋಡಲಿಲ್ಲ.

ಹೊಳೆ ನಮ್ಮಲ್ಲಿ ಸ್ಕೇಲು ಇಟ್ಟು ಗೀಟು ಎಳೆದ ಹಾಗೆ ಹರಿಯುತ್ತಿತ್ತು. ಅವನು ಮುಚ್ಚಿಹೋಗಿದ್ದ ಹಳೆಯ ತಿರುವನ್ನು ಮತ್ತೆ ತೋಡಿದ, ಒಡ್ಡನ್ನು ಅಲ್ಲಲ್ಲಿ ಕತ್ತರಿಸಿದ. ನೆಟ್ಟಗಿದ್ದದ್ದನ್ನು ಡೊಂಕು ಮಾಡುವವನು ಅಂತ ಬೀದಿಯವರು ಡೊಂಕಣ್ಣ ಅಂತ ಹೆಸರಿಟ್ಟರು. ಕರೆದರೆ ಓಗೊಡುತ್ತಿದ್ದ.

ಮೈದುನ ಸಂಜೆ ಸಂಜೆ ಹೋಗಿ ನಿಂತು ತಗಾದೆ ತೆಗೆಯುತ್ತಿದ್ದ. "ಇದೇನು ಕೆಲಸನಾ ಮಾರಾಯ? ಅಂಚು ಇಲಿ ಕಚ್ಚಿದ ಚಾಪೆ ಹಾಗಿದೆ."

"ಹಾಗೇ ಇರಬೇಕು."

"ನಮ್ಮ ಕಸುಬಲ್ಲಿ ಹೀಗೆ ಬಿಟ್ಟು ಹೋದ್ರೆ ಕೂಲಿ ಕೊಡಲ್ಲ, ಪೆಟ್ಟು ಕೊಡ್ತಾರೆ."

"ಹಾಸಿಗೆ ಇದ್ದಷ್ಟು ಕಾಲು ಚಾಚು ಅಂತಾರಲ್ಲ," ಅಂದ ಡೊಂಕಣ್ಣ. "ನಾವು ಹೊಳೆಯ ಹಾಸಿಗೆಯನ್ನೇ ಕತ್ತರಿಸಿಬಿಟ್ವಿ. ಪಾಪ, ಅದು ಕಾಲು ಮಡಚಿಕೊಂಡು ಎಷ್ಟು ದಿನ ಮಲಗುತ್ತೆ? ಅದಕ್ಕೇ ಒದೆಯುತ್ತೆ."

ಬೈದಾಡಿಕೊಂಡೇ ಇಬ್ಬರೂ ಸ್ನೇಹಿತರಾದರು. ಸಂಜೆಯ ಚಹಾಕ್ಕೆ ನನ್ನ ಮೆಟ್ಟಿಲ ಮೇಲೆ ಇಬ್ಬರೂ ಹಾಜರು.

ಒಂದು ಸಂಜೆ ಮೈದುನ ಇಲ್ಲದಾಗ ಡೊಂಕಣ್ಣ ತನ್ನ ವಿಷಯ ಹೇಳಿದ. ಎಳೆಯ ವಯಸ್ಸಿನಲ್ಲಿ ಅವನಿಗೆ ಸಿಕ್ಕಿದ ಮೊದಲ ಕೆಲಸವೇ ಈ ಹೊಳೆಯನ್ನು ನೆಟ್ಟಗೆ ಮಾಡುವುದು. ಆಗ ತಿರುವಿನಲ್ಲಿ ಗೋಡೆಯ ಹಾಗೆ ನಿಂತ ಮಣ್ಣಿನ ದಡವಿತ್ತಂತೆ. ಅದರ ತುಂಬ ಮಿಂಚುಳ್ಳಿಗಳ ಬಿಲ. ಆ ಹಕ್ಕಿ ಮರದಲ್ಲಿ ಗೂಡು ಕಟ್ಟುವುದಿಲ್ಲ. ನೆಟ್ಟಗೆ ಕಡಿದ ಹಸಿ ದಡ ಸಿಕ್ಕಿದರೆ ಕೊಕ್ಕಿನಲ್ಲಿ ಕೊರೆದು ಒಳಗೆ ಮರಿ ಮಾಡುತ್ತದೆ. ಮೇಸ್ತ್ರಿ ಬೀಳಿಸು ಅಂದ, ಇವನು ಬೀಳಿಸಿದ.

"ಸಂಜೆಯವರೆಗೂ ಬಾಯಲ್ಲಿ ಮೀನು ಕಚ್ಚಿಕೊಂಡು ನನ್ನ ಯಂತ್ರದ ಸುತ್ತ ಹಾರಾಡಿದ್ವು ಅಕ್ಕ. ಮೀನು ಯಾರಿಗೆ ಕೊಡಬೇಕು ಅಂತ ಗೊತ್ತಾಗದೆ."

ನಾನು ಇನ್ನೊಂದು ಲೋಟ ಚಹಾ ಬಗ್ಗಿಸಿದೆ.

"ಅದೇ ದಡ ಮತ್ತೆ ನಿಲ್ಲಿಸಿದೀನಿ. ಅಲ್ಲಿ ಒಂದೇ ಒಂದು ಜೊತೆ ಮರಿ ಮಾಡಿದ್ರೆ ಸಾಕು. ಇನ್ನೇನೂ ಬೇಡ ನನಗೆ," ಅಂದ.

ಮಳೆಗಾಲದಲ್ಲಿ ಹೊಳೆ ತುಂಬಿತು. ಬೀದಿಯವರೆಲ್ಲ ಹೊಸ ಒಡ್ಡಿನ ಮೇಲೆ ನಿಂತು ನೋಡಿದೆವು. ನೀರು ಅಬ್ಬರಿಸಲಿಲ್ಲ. ಕತ್ತರಿಸಿದ ಕಡೆಯಿಂದ ತಗ್ಗಿಗೆ ಇಳಿದು, ದಣಿದವರು ಚಾಪೆ ಮೇಲೆ ಉರುಳಿದ ಹಾಗೆ ಮೆಲ್ಲಗೆ ಹರಡಿಕೊಂಡಿತು. ಇಳಿದು ಹೋದ ಮೇಲೆ ಹೊಂಡಗಳಲ್ಲಿ ಮೀನಿನ ಮರಿ, ಸುತ್ತ ಜೊಂಡು, ಕಪ್ಪೆಗಳ ವಟವಟ. ಕೊಕ್ಕರೆಗಳು ಹೇಳಿ ಕಳಿಸಿದ ಹಾಗೆ ಬಂದವು. ನೀರುನಾಯಿಯನ್ನು ನಾನೇ ಕಣ್ಣಾರೆ ನೋಡಿದೆ, ಬಟ್ಟೆ ಒಣಗಿಸುವಾಗ. ಬೆಕ್ಕು ಅಂದುಕೊಂಡು "ಶ್ಶೂ" ಅಂದೆ. ಅದು ನನ್ನನ್ನು ಲೆಕ್ಕಕ್ಕೇ ಇಟ್ಟುಕೊಳ್ಳಲಿಲ್ಲ.

ಕೆಲಸ ಮುಗಿದರೂ ಡೊಂಕಣ್ಣ ಹೋಗಲಿಲ್ಲ. ದಡಕ್ಕೆ ಒಂದು ಜೊತೆ ಮಿಂಚುಳ್ಳಿ ಬಂದು ಕೊರೆಯಲು ಶುರು ಮಾಡಿದ್ದವು. ಒಂದು ಬಿಲ ಅರ್ಧ ಕೊರೆದು ಬಿಟ್ಟು ಇನ್ನೊಂದಕ್ಕೆ ಹೋಗುತ್ತಿದ್ದವು. ಮನೆ ನೋಡಲು ಬಂದ ಹೊಸ ಜೋಡಿಯ ಹಾಗೆ. ಇವನು ದೂರದಿಂದ ನೋಡಿ ಬಂದು ನನಗೆ ವರದಿ ಒಪ್ಪಿಸುತ್ತಿದ್ದ.

ಅಷ್ಟರಲ್ಲಿ ಅವನಿಗೆ ಮೊದಲಿಂದ ಇದ್ದ ಕೆಮ್ಮು ಜಾಸ್ತಿಯಾಯಿತು. ಅವನ ಮಗಳು ಬಂದು, ಆಸ್ಪತ್ರೆಗೆ ತೋರಿಸುತ್ತೇನೆ ಅಂತ ಕೆಲವು ದಿನಕ್ಕೆ ತನ್ನ ಮನೆಗೆ ಕರೆದುಕೊಂಡು ಹೋದಳು.

ಅವನು ವಾಪಸ್ ಬಂದ ದಿನ ಮೈದುನ ಒಗೆದ ಅಂಗಿ ಹಾಕಿಕೊಂಡು ಬಾಗಿಲಲ್ಲೇ ಕಾಯುತ್ತಿದ್ದ. "ಬಾ ಮಾರಾಯ, ನಿನಗೊಂದು ತೋರಿಸಬೇಕು. ಅತ್ತಿಗೆ, ನೀವೂ ಬನ್ನಿ."

ಹೋಗಿ ನೋಡಿದರೆ, ಆ ದಡ ದಡವಾಗಿರಲಿಲ್ಲ. ಅಂಚು ತಿದ್ದಿ, ಮಣ್ಣಿಗೆ ಹುಲ್ಲು ಕಲಸಿ ಮೆತ್ತಿ, ಗಾರೆ ಬಳಿಯುವ ಕರಣೆಯಿಂದ ನುಣ್ಣಗೆ ಸವರಿದ್ದ. ನಮ್ಮ ನಡುಮನೆಯ ಗೋಡೆಗೂ ಅಷ್ಟು ಮುತುವರ್ಜಿ ವಹಿಸಿರಲಿಲ್ಲ.

"ಪಾಪ, ಕೆಲಸ ಅರ್ಧಕ್ಕೆ ಬಿಟ್ಟು ಮಲಗಿದೀಯ ಅಂತ ನಾನೇ ಮುಗಿಸಿಬಿಟ್ಟೆ. ಇಲಿ ಬಿಲ ಬೇರೆ ಮಾಡಿದ್ವು. ಎಲ್ಲ ಗಿಡಿದು ಮುಚ್ಚಿದೀನಿ."

ಅವು ಇಲಿಯ ಬಿಲಗಳಾಗಿರಲಿಲ್ಲ. ಮಿಂಚುಳ್ಳಿಯ ವಿಷಯ ಡೊಂಕಣ್ಣ ನನ್ನೊಬ್ಬಳ ಹತ್ತಿರ ಮಾತ್ರ ಆಡಿದ್ದ. ಗುಟ್ಟು ಹೇಳಲು ಬಾರದ ಮನುಷ್ಯ ಅದೊಂದನ್ನು ಮಾತ್ರ ಗುಟ್ಟಾಗಿ ಇಟ್ಟಿದ್ದ.

ಅವನು ಹತ್ತಿರ ಹೋಗಿ ಅಂಗೈಯಿಂದ ಸವರಿದ. "ಗೋಡೆ ಚೆನ್ನಾಗಿದೆ," ಅಂದ. ಆಮೇಲೆ ಅಲ್ಲೇ ಕಲ್ಲಿನ ಮೇಲೆ ಕೂತು, ಮೇಸ್ತ್ರಿ ಬೀಳಿಸು ಅಂದ ದಿನದಿಂದ ಹಿಡಿದು ಎಲ್ಲವನ್ನೂ ಹೇಳಿದ. ಬೈಯಲಿಲ್ಲ. ಬೈದಿದ್ದರೆ ಮೈದುನನಿಗೆ ಎಷ್ಟೋ ಹಗುರವಾಗುತ್ತಿತ್ತು.

"ಒಳಗೆ ಹಕ್ಕಿ ಇತ್ತಾ?" ಮೈದುನ ಕೇಳಿದ.

"ಇಲ್ಲ. ಇನ್ನೂ ಕೊರೀತಾನೇ ಇದ್ವು."

ಮರುದಿನ ಮೈದುನ ಕರಣೆ ತೆಗೆದುಕೊಂಡು ಹೋಗಿ ತಾನೇ ಮೆತ್ತಿದ್ದನ್ನೆಲ್ಲ ಕೆರೆದ. ಕಟ್ಟಿ ಅಭ್ಯಾಸವಾದ ಕೈ, ಕೆಡಿಸಲು ಬಾರದು. ಕೆರೆದ ಕಡೆಯೂ ನುಣ್ಣಗೇ ಆಗುತ್ತಿತ್ತು. ಡೊಂಕಣ್ಣ ಮೇಲೆ ನಿಂತು, "ಇನ್ನೂ ಕೆಟ್ಟದಾಗಿ ಮಾಡೋ, ಇನ್ನೂ ಕೆಟ್ಟದಾಗಿ!" ಅಂತ ಕೂಗುತ್ತಿದ್ದ. ಬೀದಿಗೆಲ್ಲ ಕೇಳಿತು. ಆದರೆ ಆ ವರ್ಷ ಹಕ್ಕಿಗಳು ಆ ಕಡೆ ತಿರುಗಿಯೂ ನೋಡಲಿಲ್ಲ.

ಇನ್ನೊಂದು ಮಳೆಗಾಲ ಕಳೆಯಿತು. ಹೊಳೆ ಬಂದು ಆ ದಡವನ್ನು ತನಗೆ ಬೇಕಾದ ಹಾಗೆ ಕಡಿದುಕೊಂಡು ಹೋಯಿತು. ಡೊಂಕಣ್ಣ ಹಾಸಿಗೆ ಹಿಡಿದ. ಮಗಳು ಎಷ್ಟು ಕರೆದರೂ ಹೋಗಲಿಲ್ಲ. ಕೊನೆಗೆ ಅವಳೇ ಬಂದು ನನ್ನ ಜೊತೆ ಉಳಿದಳು. ಹಿಂದಿನ ರೂಮಿನ ಕಿಟಕಿಯಿಂದ ತಗ್ಗು ಕಾಣುತ್ತದೆ, ದಡ ಕಾಣುವುದಿಲ್ಲ. ಅದಕ್ಕೆ ಮೈದುನನೇ ಅವನ ಕಣ್ಣಾದ. ಹಕ್ಕಿ ಬಂತು. ಬಿಲ ಆಳವಾಯಿತು. ಬಿಲದ ಬಾಯಿಂದ ಬಿಳಿ ಹಿಕ್ಕೆ ಇಳಿಯಿತು. ಒಂದು ಬೆಳಿಗ್ಗೆ ಓಡಿ ಬಂದು, "ಮೀನು ಒಳಗೆ ತಗೊಂಡು ಹೋಗ್ತಿದೆ ಕಣೋ! ಬರುವಾಗ ಬಾಯಿ ಖಾಲಿ!" ಅಂದ.

ಡೊಂಕಣ್ಣ ಕಣ್ಣು ಮುಚ್ಚಿಕೊಂಡ. ಮೀಸೆಯ ಕೆಳಗೆ ನಗು ಕಂಡಿತು.

"ಒಂದೇ ಒಂದು ಮಾತು," ಅಂದ ಮೈದುನ, ತಲೆ ಕೆರೆದುಕೊಳ್ಳುತ್ತಾ. "ಬಿಲದ ಬಾಯಲ್ಲಿ ಮಣ್ಣು ಸ್ವಲ್ಪ ಉದುರ್ತಾ ಇದೆ. ದೂರದಿಂದಲೇ, ಒಂಚೂರು ತಿದ್ದಿ ಬರಲಾ?"

ಡೊಂಕಣ್ಣ ನನ್ನನ್ನು ಕೈ ಮಾಡಿ ಹತ್ತಿರ ಕರೆದ. ಜೋರಾಗಿ ಮಾತಾಡುತ್ತಿದ್ದ ಮನುಷ್ಯನ ಮಾತನ್ನು ನಾನು ಬಗ್ಗಿ ಕಿವಿ ಕೊಟ್ಟು ಕೇಳಬೇಕಾಯಿತು.

"ಅಕ್ಕ, ಮರಿ ಹಾರೋವರೆಗೂ ಇವನ ಕರಣೆ ಬಚ್ಚಿಡಿ."