ಹನ್ನೆರಡು ಗೆಣ್ಣಿನ ಲೆಕ್ಕ

ನಮ್ಮ ಅತ್ತೆ ರೊಟ್ಟಿ ಎಣಿಸುವುದು ಹೆಬ್ಬೆರಳಿನಿಂದ. ಬಲಗೈಯ ಕಿರುಬೆರಳಿನ ಬುಡದ ಗೆಣ್ಣಿಗೆ ಒಂದು, ನಡುವಿನದಕ್ಕೆ ಎರಡು, ತುದಿಯದಕ್ಕೆ ಮೂರು. ಹೀಗೆ ನಾಲ್ಕು ಬೆರಳು ಮುಗಿದರೆ ಹನ್ನೆರಡು. ಆಗ ಎಡಗೈಯಲ್ಲಿ ಒಂದು ಗೆಣ್ಣು ಮುಂದಕ್ಕೆ, ಬಲಗೈಯಲ್ಲಿ ಮತ್ತೆ ಮೊದಲಿನಿಂದ. ಸಿಂಧನೂರಿನ ಕಾನ್ವೆಂಟಿನಲ್ಲಿ ಓದಿ ಮಸ್ಕಿಗೆ ಸೊಸೆಯಾಗಿ ಬಂದ ನನಗೆ ಮೊದಮೊದಲು ನಗು ಬರುತ್ತಿತ್ತು. ಈಗ ನನ್ನ ಹೆಬ್ಬೆರಳೂ ತಾನಾಗಿಯೇ ಹಾಗೆ ಓಡುತ್ತದೆ.

ಕಳೆದ ವರ್ಷ ಲಿಂಗಸುಗೂರಿನ ಗಣಿತ ಪ್ರದರ್ಶನಕ್ಕೆ ಮಗಳ ಶಾಲೆಯಿಂದ ಅವಳೊಬ್ಬಳನ್ನೇ ಆರಿಸಿದ್ದರು. ಎಂಟನೆಯ ತರಗತಿ, ನಾಲ್ಕು ಜನರ ಮುಂದೆ ಬಾಯಿ ಬಿಡದ ಹುಡುಗಿ. ಅಜ್ಜಿಯ ಎಣಿಕೆಯನ್ನೇ ವಿಷಯ ಮಾಡಿಕೊಂಡಳು. ಅವಿಭಾಜ್ಯ ಸಂಖ್ಯೆಗಳನ್ನು, ಅಂದರೆ ಒಬ್ಬರಿಗಿಂತ ಹೆಚ್ಚು ಜನರಿಗೆ ಏನೂ ಉಳಿಯದಂತೆ ಸಮನಾಗಿ ಹಂಚಿದರೆ ತಲೆಗೆ ಒಂದಕ್ಕಿಂತ ಹೆಚ್ಚು ಬಾರದವನ್ನು, ಇಬ್ಬರೂ ಕೂತು ಗೆಣ್ಣಿಗೆ ಗೆಣ್ಣು ಇಟ್ಟು ನೋಡಿದೆವು. ಎರಡು, ಮೂರು ಬಿಟ್ಟರೆ ಎಲ್ಲವೂ ಬಂದು ನಿಂತದ್ದು ಬಲಗೈಯ ನಾಲ್ಕೇ ಕಡೆ: ಒಂದು, ಐದು, ಏಳು, ಹನ್ನೊಂದು. ಬೆರಳಿಗೆ ಒಂದೇ ಗೆಣ್ಣು. ತುದಿಯ ಗೆಣ್ಣಿನ ಮೇಲೆ ಒಂದೂ ಇಲ್ಲ. ನನಗೆ ಹಿಗ್ಗೋ ಹಿಗ್ಗು. ಈ ನಾಲ್ಕರ ಮೇಲೆ ಬಿದ್ದದ್ದೆಲ್ಲ ಅವಿಭಾಜ್ಯ ಎಂದು ಬರೆದುಬಿಡು ಅಂದೆ. ಅವಳು ಚಾರ್ಟಿನ ಮೇಲೆ ಕೆಂಪು ಮಸಿಯಲ್ಲಿ ಬರೆದಳು.

ಪ್ರದರ್ಶನದ ಹಿಂದಿನ ದಿನ ಓಣಿಯಲ್ಲೊಂದು ಮದುವೆ ಮುಗಿದಿತ್ತು. ಉಳಿದ ಖಡಕ್ ರೊಟ್ಟಿಯನ್ನು ಬಡಿದ ಹೆಂಗಸರಿಗೇ ಸಮನಾಗಿ ಹಂಚುವುದು ನಮ್ಮಲ್ಲಿಯ ವಾಡಿಕೆ. ಆ ಸಲ ಹನ್ನೊಂದು ಮಂದಿ ಇದ್ದೆವು. ಮಗಳೇ ಎಣಿಸಿದಳು. ಎರಡೂ ಹೆಬ್ಬೆರಳು ತೋರುಬೆರಳಿನ ನಡುವಿನ ಗೆಣ್ಣಿಗೆ ನಿಂತವು: ಹನ್ನೊಂದು ಡಜನ್, ಮೇಲೆ ಹನ್ನೊಂದು. ನೂರಾ ನಲವತ್ಮೂರು. ಬಲಗೈಯದು ಚಾರ್ಟಿನ ಆ ನಾಲ್ಕು ಗೆಣ್ಣುಗಳಲ್ಲೊಂದು.

“ಇವು ಸಮ ಹಂಚಾಕ ಬರಂಗಿಲ್ಲ, ಉಳಿದೇ ಉಳೀತಾವ,” ಅಂದಳು ಎಲ್ಲರ ಮುಂದೆ, ಎಂದೂ ಇಲ್ಲದ ಧೈರ್ಯದಿಂದ.

ಓಣಿಯವರೆಲ್ಲ ಖಾಲಾ ಎಂದು ಕರೆಯುವ ಪಕ್ಕದ ಮನೆಯ ಹಿರಿಯ ಹೆಂಗಸು ಅಷ್ಟರಲ್ಲಿ ಹಂಚತೊಡಗಿದ್ದರು. ಒಂದೊಂದು ಸುತ್ತಿನಲ್ಲಿ ತಲೆಗೊಂದು ರೊಟ್ಟಿ. ಹದಿಮೂರನೆಯ ಸುತ್ತು ಕೊನೆಯ ಹೆಂಗಸಿನ ಮುಂದೆ ಮುಗಿಯಿತು. ಖಾಲಾ ಬುಟ್ಟಿಯನ್ನು ಬೋರಲು ಹಾಕಿ ತೋರಿಸಿದರು.

“ಉಳಿದದ್ದು ಎಲ್ಲೈತಿ ಬೇಟಿ? ನಿಮ್ಮವ್ವ ತಿಂದಾಳೇನು ನೋಡು.”

ಎಲ್ಲರೂ ನಕ್ಕರು. ಮಗಳು ಎದ್ದು ಮನೆಗೆ ಹೋಗಿ ಚಾರ್ಟ್ ಸುತ್ತಿ ಮೂಲೆಗಿಟ್ಟಳು. “ನಾ ನಾಳೆ ಹೋಗಂಗಿಲ್ಲ. ನೀ ಹೇಳ್ದಿ ಅಂತ ಬರ್ದೆ.”

ಹನ್ನೊಂದು ಸಲ ಹದಿಮೂರು ಎಷ್ಟೆಂದು ನಾನು ಯೋಚಿಸಿಯೇ ಇರಲಿಲ್ಲ. ಅಷ್ಟೇಕೆ, ಐದೈದಲೇ ಇಪ್ಪತ್ತೈದು ಬಿದ್ದದ್ದೂ ಒಂದರ ಗೆಣ್ಣಿನ ಮೇಲೇ. ತಪ್ಪು ನಿನ್ನದಲ್ಲ, ನನ್ನದು ಎಂದೆ. ನಮ್ಮ ಪಾಲಿನ ರೊಟ್ಟಿಯನ್ನು ಬಟ್ಟೆಯಲ್ಲಿ ಸುತ್ತುತ್ತಿದ್ದ ಅತ್ತೆ ತಲೆ ಎತ್ತದೆ ಅವಳನ್ನು ಕೇಳಿದರು: “ನಮ್ಮ ಓಣ್ಯಾಗಿನವ್ರೆಲ್ಲ ಆ ನಳಕ್ಕ ನೀರಿಗೆ ಬರ್ತಾರ. ಹಂಗಂತ ನಳಕ್ಕ ಬಂದವ್ರೆಲ್ಲ ನಮ್ಮ ಓಣ್ಯಾಗಿನವ್ರೇನ?”

ಸ್ವಲ್ಪ ಹೊತ್ತಿನ ಮೇಲೆ ಚಾರ್ಟ್ ಬಿಚ್ಚುವ ಸಪ್ಪಳ ಕೇಳಿತು. ಕೆಂಪು ಸಾಲಿಗೆ ಅಡ್ಡಗೆರೆ ಎಳೆದು ಕೆಳಗೆ ಬರೆದಿದ್ದಳು: ಮೂರಕ್ಕಿಂತ ದೊಡ್ಡ ಅವಿಭಾಜ್ಯಗಳೆಲ್ಲ ಇಲ್ಲಿಗೇ ಬರುತ್ತವೆ, ಇಲ್ಲಿಗೆ ಬಂದವೆಲ್ಲ ಅವಿಭಾಜ್ಯವಲ್ಲ. ಹೊಡೆದ ಸಾಲಿನ ಮೇಲೆ ಬಿಳಿ ಹಾಳೆ ಅಂಟಿಸೋಣವೇ ಎಂದೆ. ಬೇಡವೆಂದಳು.

ಮರುದಿನ ಬಸ್ಸಿನಲ್ಲಿ ಪಕ್ಕದ ಸೀಟಿನ ಹೆಂಗಸು ಅದೇನದು ಎಂದು ಕೇಳಿದಳು. ಮಗಳು ನನ್ನ ಕಡೆ ನೋಡಲಿಲ್ಲ. ಚಾರ್ಟನ್ನು ಅರ್ಧ ಬಿಚ್ಚಿ, ಮೊದಲು ಹೊಡೆದುಹಾಕಿದ ಸಾಲನ್ನೇ ತೋರಿಸಿ ಹೇಳತೊಡಗಿದಳು.